ಪಿಸ್ಗಾ ರಾಷ್ಟ್ರೀಯ ಅರಣ್ಯಕ್ಕೆ ತಂದೆ-ತಾಯಿಯರೊಂದಿಗೆ ಹೋಗಿಬಂದವರು ಅನುಭವ ತಿಳಿಸಿ

ಪ್ರಶ್ನೆ: ಮೈಸೂರಿನಿಂದ ಬಂದಿರುವ ತಂದೆ-ತಾಯಿಯರನ್ನು ಜುಲೈ ತಿಂಗಳ ಒಂದು ಶನಿವಾರ ಅಮೆರಿಕದ ನಾರ್ತ್ ಕ್ಯಾರೊಲಿನಾದ ಷಾರ್ಲೆಟ್‌ನಿಂದ ಅದೇ ರಾಜ್ಯದ ಪಿಸ್ಗಾ ಕಾಡಿಗೆ ಕರೆದೊಯ್ಯಬೇಕೆಂದಿದ್ದೇನೆ. ತಾಯಿಗೆ ಮಂಡಿನೋವು, ತಂದೆಗೆ ಇತಿಹಾಸದ ಹುಚ್ಚು, ಜೊತೆಗೆ ಒಂಬತ್ತು ವರ್ಷದ ಮಗ. ಎಲ್ಲಿಂದ ಆರಂಭಿಸುವುದು ಒಳ್ಳೆಯದು?

ಉತ್ತರ 1: ನಿಮ್ಮ ತಂದೆಯವರಿಗೆ ‘ಕ್ರೇಡಲ್ ಆಫ್ ಫಾರೆಸ್ಟ್ರಿ’ ಎಂಬ ಅರಣ್ಯ ಇತಿಹಾಸದ ತಾಣವನ್ನು ತಪ್ಪಿಸಬೇಡಿ. ಅಲ್ಲಿನ ಸುತ್ತುದಾರಿಗಳಿಗೆ ಡಾಂಬರು ಹಾಕಿರುವುದರಿಂದ ತಾಯಿಯವರೂ ನಿಧಾನವಾಗಿ ನಡೆಯಬಹುದು. ಜಾರ್ಜ್ ವ್ಯಾಂಡರ್‌ಬಿಲ್ಟ್ ಎಂಬ ಸಿರಿವಂತರು ಆಶ್‌ವಿಲ್ ಬಳಿ ಬಿಲ್ಟ್‌ಮೋರ್ ಬಂಗಲೆ ಕಟ್ಟಿಸಲು ಕೊಂಡ ನೆಲದಲ್ಲಿ ಹೆಚ್ಚಿನದು ಮರ ಕಡಿದು, ಉತ್ತು ಸಾರ ಕಳೆದುಕೊಂಡಿತ್ತು. ಅದನ್ನು ನೋಡಿಕೊಳ್ಳಲು 1892ರಲ್ಲಿ ಅರಣ್ಯತಜ್ಞ ಗಿಫರ್ಡ್ ಪಿಂಚೊಟ್ ಬಂದರು, 1895ರಲ್ಲಿ ಜರ್ಮನಿಯ ಕಾರ್ಲ್ ಶೆಂಕ್ ಬಂದರು. ಶೆಂಕ್ 1898ರಲ್ಲಿ ತೆರೆದ ಶಾಲೆಯೇ ಈ ದೇಶದ ಮೊದಲ ಅರಣ್ಯಶಾಸ್ತ್ರ ಶಾಲೆ. 1911ರ ವೀಕ್ಸ್ ಕಾಯ್ದೆಯಿಂದ ಪೂರ್ವ ಭಾಗದಲ್ಲಿ ಖಾಸಗಿ ಕಾಡನ್ನು ಕೊಳ್ಳುವ ಅಧಿಕಾರ ಸರ್ಕಾರಕ್ಕೆ ದೊರೆಯಿತು. 1914ರಲ್ಲಿ ವ್ಯಾಂಡರ್‌ಬಿಲ್ಟ್ ತೀರಿಕೊಂಡ ಮೇಲೆ ಅವರ ಪತ್ನಿ ಎಡಿತ್ 86,000ಕ್ಕೂ ಹೆಚ್ಚು ಎಕರೆಯನ್ನು ಎಕರೆಗೆ ಸುಮಾರು 5 ಡಾಲರಿನಂತೆ ಸರ್ಕಾರಕ್ಕೆ ಮಾರಿದರು, 1916ರಲ್ಲಿ ಅದು ರಾಷ್ಟ್ರೀಯ ಅರಣ್ಯವಾಯಿತು.

ನನ್ನ ತಂದೆ ಅರಣ್ಯ ಇಲಾಖೆಯಿಂದ ನಿವೃತ್ತರಾದವರು. ಪಿಂಚೊಟ್, ಶೆಂಕ್ ಇಬ್ಬರಿಗೂ ಮಾರ್ಗದರ್ಶಕರಾಗಿದ್ದವರು ಭಾರತದ ಮೊದಲ ಅರಣ್ಯ ಮಹಾನಿರೀಕ್ಷಕ ಡೀಟ್ರಿಶ್ ಬ್ರಾಂಡಿಸ್ ಎಂದು ನಾನು ಹೇಳಿದಾಗ, ಅವರು ಒಂದೇ ಕೋಣೆಯ ಆ ಶಾಲೆಯ ಮರದ ಗೋಡೆಯನ್ನು ಅಂಗೈಯಿಂದ ಸವರಿ, “ಹಾಗಾದರೆ ಇದು ನಮ್ಮ ಇಲಾಖೆಯ ದಾಯಾದಿ” ಎಂದರು.

ಉತ್ತರ 2: ಮೇಲಿನವರ ಮಾತು ಸರಿ, ಆದರೆ ಶನಿವಾರ ಅಲ್ಲಿಂದ ಆರಂಭಿಸಬೇಡಿ. ಸ್ಲೈಡಿಂಗ್ ರಾಕ್‌ನ ಪಾರ್ಕಿಂಗ್ ಬೇಗ ತುಂಬುವುದರಿಂದ ಬೆಳಿಗ್ಗೆಯೇ ಅಲ್ಲಿಗೆ ಹೋಗಿ. ಅದು ಸುಮಾರು 60 ಅಡಿ ಉದ್ದದ ನುಣುಪಾದ ಬಂಡೆ; ಅದರ ಮೇಲೆ ಹರಿಯುವ ತೊರೆಯೊಂದಿಗೆ ಜಾರಿ ಕೆಳಗಿನ ಮಡುವಿಗೆ ಬೀಳುವುದೇ ಆಟ. ಮಡು ಆಳವಾಗಿದೆ, ಈಜು ಬಾರದ ಮಗುವಿಗೆ ಲೈಫ್ ಜಾಕೆಟ್ ಹಾಕಿಸಿ. ನೀರಿನ ಚಳಿ ಜುಲೈನಲ್ಲೂ ಬಿಡುವುದಿಲ್ಲ: ನನ್ನ ಮಗಳು ಮೊದಲ ಸಲ ಮೇಲೆದ್ದಾಗ ತುಟಿ ನೇರಳೆ ಹಣ್ಣು ತಿಂದಂತಾಗಿತ್ತು, ಆದರೂ ಏಳು ಬಾರಿ ಜಾರಿದಳು. ತೆಳುವಾದ ಚಡ್ಡಿ ಬಂಡೆಗೆ ಉಜ್ಜಿ ಹರಿಯುತ್ತದೆ, ದಪ್ಪ ಬಟ್ಟೆಯದನ್ನೇ ತೊಡಿಸಿ. ಹಿರಿಯರು ಕಟಕಟೆಯ ಬಳಿ ನಿಂತು ಎಲ್ಲವನ್ನೂ ನೋಡಬಹುದು.

ಉತ್ತರ 3: ಬ್ರೆವಾರ್ಡ್ ಕಡೆಯಿಂದ 276ನೇ ಹೆದ್ದಾರಿಯಲ್ಲಿ ಬಂದರೆ ಮೊದಲು ಸಿಗುವುದು 60 ಅಡಿಯ ಲುಕಿಂಗ್ ಗ್ಲಾಸ್ ಜಲಪಾತ. ಜೋಗ ಕಂಡವರಿಗೆ ಇದು ಚಿಕ್ಕದೆನಿಸಬಹುದು. ಆದರೆ ರಸ್ತೆಯ ಅಂಚಿನಿಂದಲೇ ಪೂರ್ತಿ ಕಾಣುವುದರಿಂದ ಮಂಡಿನೋವಿನವರಿಗೆ ಇದಕ್ಕಿಂತ ಅನುಕೂಲದ ಜಲಪಾತ ನನಗೆ ಗೊತ್ತಿಲ್ಲ. ಕೆಳಗಿಳಿಯುವ ಮೆಟ್ಟಿಲು ಒದ್ದೆಯಿರುತ್ತದೆ, ತಾಯಿಯವರನ್ನು ಮೇಲೆಯೇ ನಿಲ್ಲಿಸಿ. 5,721 ಅಡಿಯ ಪಿಸ್ಗಾ ಬೆಟ್ಟವನ್ನು ಈ ಬಾರಿಗೆ ಬಿಟ್ಟುಬಿಡಿ, ಕೊನೆಯ ಏರು ಕಡಿದಾಗಿದೆ. 2024ರ ಸೆಪ್ಟೆಂಬರ್‌ನಲ್ಲಿ ಹೆಲೀನ್ ಚಂಡಮಾರುತದಿಂದ ಈ ಭಾಗದ ರಸ್ತೆಗಳಿಗೂ ಕಾಲುದಾರಿಗಳಿಗೂ ಹಾನಿಯಾಗಿತ್ತು. ಯಾವುದು ತೆರೆದಿದೆಯೆಂದು ಹಿಂದಿನ ದಿನವೇ ಅರಣ್ಯ ಸೇವೆಯ ಜಾಲತಾಣದಲ್ಲಿ ನೋಡಿ, ಒಳಗೆ ಮೊಬೈಲ್ ಸಿಗ್ನಲ್ ನಂಬುವಂತಿಲ್ಲ. ಇನ್ನೊಂದು ಮಾತು, ಇದು ಕರಡಿಗಳ ಕಾಡು: ಚಿತ್ರಾನ್ನದ ಡಬ್ಬಿಯನ್ನು ಮೇಜಿನ ಮೇಲೆ ಬಿಟ್ಟು ಫೋಟೊ ತೆಗೆಯಲು ಹೋಗಬೇಡಿ.