ಹತ್ತೊಂಬತ್ತು ವರ್ಷ ಮಠದ ಸೇವಾ ಮಾಡಿ ಮನೀಗೆ ಬಂದೇನ್ರಿ, ಅವ್ವ ಇನ್ನೂ ‘ಅಪ್ಪಾರ’ ಅಂತಾಳ

ಪ್ರಶ್ನೆ (ಜಮಖಂಡಿ ತಾಲೂಕು, ಹೆಸರು ಬ್ಯಾಡ):
ನಮಸ್ಕಾರ್ರಿ ಮೇಡಂ. ನನಗ ಈಗ 41. 22ನೇ ವಯಸ್ಸಿಗೆ ಒಂದು ಮಠಕ್ಕ ಹೋಗಿ 19 ವರ್ಷ ದಾಸೋಹದ ಅಡುಗಿ ಮಾಡಿದೆ. ಸನ್ಯಾಸ ತಗೊಂಡಿಲ್ಲ, ಬರೇ ಸೇವಾ. ನಡುವ ಅಪ್ಪನ ಮಣ್ಣಿಗೆ ಒಂದೇ ಸಲ ಊರಿಗೆ ಬಂದಿದ್ದೆ. ಈಗ ಅವ್ವನ ಕಣ್ಣು ಮಂಜಾಗ್ಯಾವು. ಮಠದ ಅಜ್ಜಾರ ಅಪ್ಪಣಿ ತಗೊಂಡು ಮನೀಗೆ ಬಂದು ಮೂರು ತಿಂಗಳಾತು. ಅವ್ವ ನನಗ ಸ್ವಾಮಿಗೋಳಿಗೆ ಅಂದಂಗ ‘ಅಪ್ಪಾರ, ಊಟಕ್ಕ ಏಳ್ರಿ’ ಅಂತಾಳ. ಕಂಬಳಿ ಹಾಸಿ ಕೂಡಸ್ತಾಳ. ನಾನು ಉಂಡ ಮ್ಯಾಲೇ ಅಣ್ಣ, ಹುಡುಗ್ರು ಉಣ್ಣೂದು. ಹಿಂದಿನ ವಾರ ವೈನಿಗೆ ಜ್ವರ ಬಂದಿದ್ದವು, ನಾನೇ ಒಲಿ ಮುಂದ ನಿಂತೆ. ಮನ್ಯಾಗ ಆರು ಮಂದಿ, ಸಾರು ಮೂವತ್ತು ಮಂದಿಗೆ ಆಗುವಷ್ಟಾತು. ಸೌಟು ಕೈಯಾಗ ಹಿಡಕೊಂಡೇ ಅತ್ತುಬಿಟ್ಟೆ. ಓಣ್ಯಾಗ ‘ಮಠದಾಗ ಏನರ ಆತೇನು?’ ಅಂತ ಕೇಳ್ತಾರ. ತಿರುಗಿ ಹೋಗಿಬಿಡ್ಲೇನ್ರಿ?

ಉತ್ತರ (ಆಪ್ತಸಮಾಲೋಚಕಿ, ಬಾಗಲಕೋಟೆ):
ಅಣ್ಣಾರ, ಅವಸರ ಮಾಡಬ್ಯಾಡ್ರಿ. 19 ವರ್ಷದ ಮುಂದ ಮೂರು ತಿಂಗಳು ಏನೂ ಅಲ್ಲ.

ಮೊದಲು ಅವ್ವನ ಮಾತು. ‘ಅಂವ ನನ್ನಾಂವ ಅಲ್ಲ, ದೇವರಾಂವ’ ಅಂದ್ಕೊಂಡೇ ಆಕಿ ಇಷ್ಟು ವರ್ಷ ಎದಿ ಗಟ್ಟಿ ಮಾಡ್ಕೊಂಡಾಳ. ಹಬ್ಬಕ್ಕ ಹೋಳಿಗಿ ತಟ್ಟುವಾಗ, ಗಂಡ ಹೋದಾಗ, ಆ ಮಾತೇ ಆಕಿಗೆ ಆಸರ. ಈಗ ಒಮ್ಮಿಗಲೇ ‘ಬಾರೋ’ ಅಂದ್ರ ಅಷ್ಟೂ ವರ್ಷದ ಅಗಲಿಕಿ ಎದ್ದು ಬರ್ತದ. ಅದಕ್ಕ ‘ಅಪ್ಪಾರ ಅನಬ್ಯಾಡ’ ಅಂತ ತಿದ್ದಬ್ಯಾಡ್ರಿ. ಅದರ ಬದಲಿ ತಾಯಿ ಹತ್ರಾನೇ ಕೇಳುವಂಥಾದ್ದು ಕೇಳ್ರಿ: ತಲಿಗೆ ಎಣ್ಣಿ ಹಚ್ಚು ಅನ್ರಿ, ಸಣ್ಣಾಂವಿದ್ದಾಗ ನಾನು ಏನಕ್ಕ ಹಟ ಮಾಡ್ತಿದ್ದೆ ಅಂತ ಕೇಳ್ರಿ. ಕಣ್ಣು ತೋರಸಾಕ ನೀವೇ ಕೈ ಹಿಡಕೊಂಡು ಕರಕೊಂಡು ಹೋಗ್ರಿ. ಪೊರಿ ಬಂದಿದ್ರ ಆಪರೇಷನ್ ಸಣ್ಣದು, ದಿನಾ ತಡ ಮಾಡಬ್ಯಾಡ್ರಿ.

ಸಾರಿನ ಮಾತು ಓದಿ ನನಗೂ ಕಣ್ಣು ತುಂಬಿ ಬಂತು. ನಿಮ್ಮ ಕೈಗೆ ಕೊಪ್ಪರಿಗಿ ಗೊತ್ತು, ಪಾತೇಲಿ ಗೊತ್ತಿಲ್ಲ. ವೈನಿ ಆರಾಮಾದ ಮ್ಯಾಲ ‘ಆರು ಮಂದಿಗೆ ಬ್ಯಾಳಿ ಎಷ್ಟು, ಖಾರ ಎಷ್ಟು, ಕಲಸ್ರಿ’ ಅನ್ರಿ. ಅವರ ಪಾವು, ಅವರ ವಾಟಿ ಹಿಡಿದು ಕಲೀರಿ. ಇಷ್ಟು ದಿನ ಆ ಮನಿ ನಡಸಿದ್ದು ವೈನಿ. ಅವರ ಹತ್ರ ನೀವು ಕಲಿಯಾಕ ಕುಂತ್ರ ಕಂಬಳಿ ಮ್ಯಾಲಿನ ಸ್ವಾಮಿ ಹೋಗಿ ಮೈದುನ ಬರ್ತಾನ. ಉಣ್ಣೂದೂ ಹುಡುಗ್ರ ಸಾಲಿನ್ಯಾಗ, ನೆಲದ ಮ್ಯಾಲ.

ನಸುಕಿನ ಪೂಜಾ ಬಿಡಬ್ಯಾಡ್ರಿ. ಮಠದಾಗ ದಿನ ಪೂರಾ ಗಂಟಿ ಮ್ಯಾಲ ನಡೀತಿತ್ತು, ಮನ್ಯಾಗ ಗಂಟಿ ಇಲ್ಲ. ಆ ಒಂದು ಹೊತ್ತರ ನಿಮ್ಮದಾಗಿರ್ಲಿ. ಓಣಿ ಮಂದಿಗೆ ‘ಅವ್ವನ ಸಲುವಾಗಿ ಬಂದೇನಿ’ ಅನ್ರಿ, ಮುಗೀತು. ಎರಡು ವಾರದ ಮ್ಯಾಲೂ ನಿದ್ದಿ ಬರದಿದ್ರ, ಊಟ ಸೇರದಿದ್ರ, ಬದುಕೇ ಬ್ಯಾಡ ಅನಿಸಿದ್ರಂತೂ ಅದೇ ಗಳಿಗ್ಯಾಗ, ಸರ್ಕಾರದ ಮನಸ್ಸಿನ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416ಕ್ಕ ಫೋನ್ ಹಚ್ರಿ. ಪುಕ್ಕಟೆ, ಹಗಲು ರಾತ್ರಿ, ಕನ್ನಡದಾಗೇ ಮಾತಾಡ್ತಾರ.

ಇನ್ನೊಂದು ಪ್ರಶ್ನೆ (ಗೋಕಾಕ):
ನಮ್ಮ ಭಾವನೂ ಹಿಂಗ ಮಠದಿಂದ ಬಂದಾರ್ರಿ. ಹೋಗುವಾಗ ‘ನನಗ ಹೊಲ ಬ್ಯಾಡ’ ಅಂದಿದ್ರು. ಮಾವ ತೀರಿದ ಮ್ಯಾಲ ಹೊಲದ ಉತಾರ (ಪಹಣಿ) ನಮ್ಮ ಯಜಮಾನ್ರ ಹೆಸರಿಗೆ ಒಬ್ಬರದೇ ಆಗೇತಿ. ಈಗ ಅವರಿಗೆ ಪಾಲು ಬರ್ತದೇನು?

ಉತ್ತರ (ವಕೀಲರು, ಬೆಳಗಾವಿ):
ತಂಗಿ, ವಿಧಿಪೂರ್ವಕ ಸನ್ಯಾಸ ತಗೊಂಡು ಸಂಸಾರ ಪೂರಾ ತ್ಯಜಿಸಿದ್ದರೆ ಕಾಯ್ದೆ ಅವರನ್ನು ಹುಟ್ಟಿದ ಮನೆತನದಿಂದ ಹೊರಗೆ ಹೋದವರು ಅಂತ ನೋಡುತ್ತೆ. ಬರೀ ಮಠದಲ್ಲಿದ್ದು ಸೇವೆ ಮಾಡಿದ್ದರೆ ಹಕ್ಕು ಹೋಗೋದಿಲ್ಲ. ಬಾಯಿಮಾತಿಗೂ ಹೋಗೋದಿಲ್ಲ, ಹಕ್ಕು ಬಿಡುಗಡೆ ಪತ್ರ ನೋಂದಣಿ ಆಗಿರಬೇಕು. ಉತಾರದಲ್ಲಿ ಒಬ್ಬರದೇ ಹೆಸರಿದ್ದ ಮಾತ್ರಕ್ಕೆ ಮಾಲೀಕತ್ವ ಒಬ್ಬರದೇ ಆಗೋದೂ ಇಲ್ಲ. ಕಾಗದ ತಗೊಂಡು ನಿಮ್ಮ ವಕೀಲರ ಹತ್ರ ಕುಂಡ್ರಿ. ಅದಕ್ಕೂ ಮೊದಲು ಭಾವನವರನ್ನೇ ಕೇಳಿ. ಎಷ್ಟೋ ಮನೆಗಳಲ್ಲಿ ಅವರು ಕೇಳದ ಪಾಲಿಗೆ ಹೆದರಿ ಉಳಿದವರು ಮಾತು ಬಿಟ್ಟಿರ್ತಾರೆ.

ಮೊದಲ ಪ್ರಶ್ನೆ ಕೇಳಿದವರು, 20 ದಿನದ ಮ್ಯಾಲ:
ಮೇಡಂ, ವೈನಿ ಹತ್ರ ಅಳತಿ ಕಲತೇನ್ರಿ. ನಿನ್ನಿ ನಾನೇ ಬ್ಯಾಳಿ ಮಾಡಿದ್ದೆ. ಅವ್ವ ಒಂದು ತುತ್ತು ಬಾಯಾಗಿಟ್ಟು ‘ಉಪ್ಪೇ ಹಾಕಿಲ್ಲಲ್ಲೋ’ ಅಂದ್ಲು. ಆಮ್ಯಾಲ ಆಕೀನೂ ಸುಮ್ಮನಾದ್ಲು, ನಾನೂ ಸುಮ್ಮನಾದೆ. ಮುಂಜಾನೆ ಮತ್ತ ‘ಅಪ್ಪಾರ’ ಅಂದ್ಲು. ಇನ್ನೊಂದು ಕೇಳೂದಿತ್ತು. ಮದವಿ ಅಡುಗಿಗೆ ಬಾ ಅಂತ ಕರ್ಯಾಕತ್ತಾರ. ಇಷ್ಟು ವರ್ಷ ಸೇವಾ ಅಂತ ಮಾಡಿದ ಕೈ, ರೊಕ್ಕಾ ತಗೊಳ್ಳಾಕ ಮುಂದ ಬರವಲ್ದು.

ಉತ್ತರ (ಆಪ್ತಸಮಾಲೋಚಕಿ):
ಉಪ್ಪಿನ ಸಲುವಾಗಿ ಬೈಸಿಕೊಂಡ್ರಲ್ಲ, ಬಾಳ ಸಂತೋಷಾತು. ರೊಕ್ಕದ ಮಾತಿಗೆ ನಮ್ಮ ಶರಣರ ಕಡೆ ನೋಡ್ರಿ. ಬಸವಣ್ಣನವರು ಸಂಸಾರಸ್ಥರು, ಬಿಜ್ಜಳನ ಭಂಡಾರದ ಕೆಲಸ ಮಾಡಿದವರು. ಬಿದ್ದ ಅಕ್ಕಿ ಆಯೂದೇ ಕಾಯಕ ಆಗಿದ್ದ ಶರಣ ಆಯ್ದಕ್ಕಿ ಮಾರಯ್ಯ ದಿನದಕಿಂತ ಹೆಚ್ಚಿಗಿ ಅಕ್ಕಿ ತಂದಾಗ ಹೆಂಡತಿ ಲಕ್ಕಮ್ಮ ತಿರುಗಿ ಸುರಿದು ಬಾ ಅಂದ್ಲು. ಹೆಚ್ಚಿಂದು ಬ್ಯಾಡ ಅಂದ್ಲು, ಕಾಯಕದ ಅಕ್ಕಿ ಬ್ಯಾಡ ಅನಲಿಲ್ಲ. ಕೂಲಿ ಮೊದಲೇ ಮಾತಾಡಿ ತಗೋರಿ. ನಿಮ್ಮ ಹೆಸರಿಲೇ ಬ್ಯಾಂಕಿನ್ಯಾಗ ಖಾತೆ ತಗೀರಿ. ಮೊದಲ ಕೂಲ್ಯಾಗ ಅವ್ವನ ಕಣ್ಣಿಂದು ಮುಗಸ್ರಿ, ವೈನಿಗೊಂದು ಇಳಕಲ್ ಸೀರಿ ತರ್ರಿ.