ಬಾಗಿಲ ಕೆಳಗೆ ಸಿಲಿಕೋನ್ ಬೇಡ, ಅಣ್ಣ

ಗುಂಪು: ಮೈಸೂರು ಮನೆ

ಅಣ್ಣ: ಮೇಲಿನ ವಿಡಿಯೊ ಎಲ್ಲರೂ ನೋಡಿ. ಶವರ್ ಬಾಗಿಲ ಕೆಳಗಿನಿಂದ ನೀರು ಹೊರಗೆ ಬಂದರೆ ಉದ್ದಕ್ಕೂ ಸಿಲಿಕೋನ್ ಎಳೆದರಾಯಿತು. ಹತ್ತು ನಿಮಿಷದ ಕೆಲಸ. ಅಮ್ಮನ ಬಾತ್‌ರೂಮಿಗೂ ಇದನ್ನೇ ಮಾಡಿಸೋಣ. ಶನಿವಾರ ಬರುವಂತೆ ಪ್ಲಂಬರ್‌ಗೆ ಹೇಳಿದ್ದೇನೆ.

ಅತ್ತಿಗೆ: ಬೇಗ ಆಗಲಿ. ಮೊನ್ನೆ ಅತ್ತೆ ಹೊರಗೆ ಕಾಲಿಟ್ಟ ತಕ್ಷಣ ಜಾರಿದರು. ಬಾಗಿಲ ಹ್ಯಾಂಡಲ್ ಹಿಡಿದುಕೊಂಡಿದ್ದರು, ಬೀಳಲಿಲ್ಲ.

ನಾನು: ಅಣ್ಣ, ಪ್ಲಂಬರ್‌ಗೆ ಬೇಡ ಎಂದು ಹೇಳು. ಅಮ್ಮ ಜಾರಿದ್ದು ಕೇಳಿ ನನಗೂ ಭಯವಾಗಿದೆ. ಆದರೆ ಆ ವಿಡಿಯೊ ತಪ್ಪು. ಸಿಲಿಕೋನ್ ಇರುವುದು ಅಲುಗಾಡದ ಜಾಗಕ್ಕೆ. ಬಾಗಿಲು ದಿನಾ ತೆಗೆದು ಹಾಕುವಂಥದ್ದು. ಕೆಲವೇ ದಿನಕ್ಕೆ ಅದು ಕಿತ್ತು ಬರುತ್ತದೆ, ಸಂದಿನಲ್ಲಿ ಸೋಪಿನ ಜಿಡ್ಡು ಕೂತು ಕಪ್ಪು ಬೂಸ್ಟು ಹಿಡಿಯುತ್ತದೆ. ಆಮೇಲೆ ಅದನ್ನು ಕೆರೆಯಬೇಕು, ಅದೂ ಗಾಜಿನ ಅಂಚಿನ ಹತ್ತಿರ. ಈ ಬಾಗಿಲು ಟಫನ್ಡ್ ಗ್ಲಾಸ್, ಅಂದರೆ ಕಾಯಿಸಿ ಗಟ್ಟಿ ಮಾಡಿದ ಗಾಜು. ಅದರ ಮೈ ಗಟ್ಟಿ, ಅಂಚು ನಾಜೂಕು. ಅಂಚಿಗೆ ಲೋಹದ ಪೆಟ್ಟು ಬಿದ್ದರೆ ಇಡೀ ಬಾಗಿಲು ಒಮ್ಮೆಗೇ ಚೂರು ಚೂರಾಗಿ ಉದುರಬಹುದು.

ಅಣ್ಣ: ಹಾಗಾದರೆ ನೀರು ನಿಲ್ಲುವುದು ಹೇಗೆ? ಸಂದು ಕಾಣಿಸುತ್ತಿದೆ, ಮುಚ್ಚಬೇಕು ಅಲ್ವಾ?

ನಾನು: ಸಂದು ಇರಲೇಬೇಕು, ಇಲ್ಲದಿದ್ದರೆ ಬಾಗಿಲು ತಿರುಗುವುದಿಲ್ಲ. ಗಾಜಿನ ಕೆಳಗೆ ಒಂದು ಪಾರದರ್ಶಕ ಪಟ್ಟಿ ಇದೆ ನೋಡು, ಅದು ಪಿವಿಸಿ ಸೀಲ್. ಮೇಲಿನ ಗಟ್ಟಿ ಭಾಗ ಗಾಜನ್ನು ಕಚ್ಚಿ ಹಿಡಿಯುತ್ತದೆ. ಕೆಳಗಿನ ಮೆತ್ತನೆಯ ನಾಲಿಗೆ ನೆಲಕ್ಕೆ ಸ್ವಲ್ಪ ತಾಗುತ್ತದೆ. ಜೊತೆಗೆ ಒಳಗಡೆಗೆ ಇಳಿಜಾರಾಗಿ ಒಂದು ಅಂಚು ಚಾಚಿರುತ್ತದೆ. ಮುಖ್ಯ ಕೆಲಸ ಅದರದ್ದೇ. ಗಾಜಿನ ಮೇಲೆ ಇಳಿದು ಬಂದ ನೀರನ್ನು, ಕಿಟಕಿಯ ಸಜ್ಜಾ ಮಳೆ ನೀರನ್ನು ದೂರ ಬೀಳಿಸುವ ಹಾಗೆ, ಅದು ಶವರಿನ ಒಳಕ್ಕೇ ಬೀಳಿಸುತ್ತದೆ. ಎಷ್ಟೋ ಮನೆಗಳಲ್ಲಿ ಇದನ್ನು ತಿರುಗಾಮುರುಗಾ ಹಾಕಿರುತ್ತಾರೆ. ಆಗ ಹೊಸ ಸೀಲ್ ಕೂಡ ನೀರನ್ನು ಹೊರಗೇ ಕಳಿಸುತ್ತದೆ.

ಅತ್ತಿಗೆ: ನಮ್ಮದು ಹಳದಿಯಾಗಿದೆ. ಮುಟ್ಟಿದರೆ ಗಟ್ಟಿ.

ನಾನು: ಹಾಗಾದರೆ ಅದರ ಆಯಸ್ಸು ಮುಗಿದಿದೆ, ಅತ್ತಿಗೆ. ಬಿಸಿನೀರಿಗೆ ಪಿವಿಸಿ ವರ್ಷ ಕಳೆದಂತೆ ಬಿರುಸಾಗುತ್ತದೆ. ಬೋರ್‌ವೆಲ್ ನೀರಿನ ಬಿಳಿ ಉಪ್ಪು ಬೇರೆ. ನಾಲಿಗೆ ಮಡಚಿಕೊಂಡು ಹಾಗೇ ನಿಂತುಬಿಡುತ್ತದೆ.

ಅಕ್ಕ (ನ್ಯೂಜೆರ್ಸಿ): ಇಲ್ಲಿ ಒಳ್ಳೆಯ ಸೀಲ್ ಸಿಗುತ್ತದೆ ಕಣೋ. ಡಿಸೆಂಬರ್‌ನಲ್ಲಿ ಬರುವಾಗ ತರುತ್ತೇನೆ.

ನಾನು: ಬೇಡ ಅಕ್ಕ. ಅಲ್ಲಿ ಗಾಜಿನ ದಪ್ಪ ಇಂಚಿನ ಲೆಕ್ಕ. 3/8 ಇಂಚು ಅಂದರೆ ಸುಮಾರು 9.5 ಮಿಲಿಮೀಟರ್. ಅಮ್ಮನ ಬಾಗಿಲು 8 ಮಿಲಿಮೀಟರ್. ನೀನು ತಂದದ್ದು ಸಡಿಲವಾಗಿ ಕಳಚಿ ಬೀಳುತ್ತದೆ. ಅಲ್ಲದೆ ಡಿಸೆಂಬರ್‌ವರೆಗೆ ಅಮ್ಮ ಒದ್ದೆ ನೆಲದ ಮೇಲೆ ನಡೆಯುವುದು ಬೇಡ. ಹಳೆಯ ಸೀಲಿನ ಒಂದು ತುಂಡು ಹಿಡಿದುಕೊಂಡು ಗ್ಲಾಸ್ ಕೆಲಸದ ಅಂಗಡಿಗೆ ಹೋದರೆ ಅದಕ್ಕೆ ಹೊಂದುವುದನ್ನೇ ಕೊಡುತ್ತಾರೆ.

ಚಿಕ್ಕಪ್ಪ: ನೀವೆಲ್ಲ ಬಾಗಿಲನ್ನೇ ನೋಡುತ್ತಿದ್ದೀರಿ. ನೆಲಕ್ಕೆ ವಾಟ, ಅಂದರೆ ನೀರು ಹರಿಯುವ ಇಳಿಜಾರು, ಸರಿಯಾಗಿ ಕೊಟ್ಟಿಲ್ಲದಿದ್ದರೆ ಯಾವ ಸೀಲೂ ನಿಲ್ಲಿಸುವುದಿಲ್ಲ. ಆ ಗಾಜು ತೆಗೆದು ಪರದೆ ಹಾಕಿ, ಮುಗಿಯಿತು.

ನಾನು: ವಾಟದ ಮಾತು ನೂರಕ್ಕೆ ನೂರು ನಿಜ, ಚಿಕ್ಕಪ್ಪ. ನೀರು ಜಾಲಿಯ ಕಡೆಗೆ ಹೋಗದೆ ಬಾಗಿಲ ಕಡೆ ಬಂದರೆ ಸೀಲಿನ ಕೈಯಲ್ಲಿ ಏನೂ ಇಲ್ಲ. ಅದನ್ನು ಈಗಲೇ ನೋಡಬಹುದು. ಅಣ್ಣ, ನೀನು ಅಲ್ಲೇ ಇದ್ದೀಯಲ್ಲ. ಬಾಗಿಲು ಹಾಕಿ, ಒಳಗೆ ನಿಂತು, ಮೊದಲು ಒಂದು ಚೊಂಬು ನೀರನ್ನು ಬಾಗಿಲ ಗಾಜಿನ ಮೇಲೆ ಮಾತ್ರ ಸುರಿ. ಹೊರಗೆ ಬಂತಾ ನೋಡು. ಒರೆಸಿ, ಇನ್ನೊಂದು ಚೊಂಬನ್ನು ನೆಲದ ಮೇಲೆ ಸುರಿ. ಆಮೇಲೆ ಕೆಳಗಿನ ಸಂದನ್ನು ಎರಡೂ ಕಡೆ ಅಳತೆ ಮಾಡು.

ಪರದೆಗೆ ಮಾತ್ರ ನಾನು ಒಪ್ಪುವುದಿಲ್ಲ, ಚಿಕ್ಕಪ್ಪ. ಕಾಲು ಜಾರಿದಾಗ ಅಮ್ಮ ಪರದೆಯನ್ನೇ ಹಿಡಿಯುತ್ತಾರೆ, ಅದು ಕಿತ್ತು ಬರುತ್ತದೆ. ಗಾಜಿನ ಹ್ಯಾಂಡಲ್ ಕೂಡ ಮೈಭಾರ ಹೊರುವುದಕ್ಕೆ ಮಾಡಿದ್ದಲ್ಲ. ಗೋಡೆಗೆ ಸ್ಟೀಲ್ ಹಿಡಿ ಹಾಕಿಸಲೇಬೇಕು. ಸೀಲಿಗಿಂತ ಮುಂಚೆ ಆಗಬೇಕಾದ್ದು ಅದು.

ಅಣ್ಣ: ನೋಡಿದೆ. ಗಾಜಿನ ಮೇಲೆ ಸುರಿದಾಗ ಹ್ಯಾಂಡಲ್ ಕಡೆಯ ಮೂಲೆಯಿಂದ ಹೊರಗೆ ಬಂತು. ನೆಲದ ಮೇಲೆ ಸುರಿದದ್ದು ಪೂರ್ತಿ ಜಾಲಿಗೆ ಹೋಯಿತು. ಸಂದು ಹಿಂಜ್ ಕಡೆ 10 ಮಿಲಿಮೀಟರ್, ಹ್ಯಾಂಡಲ್ ಕಡೆ 7.

ಚಿಕ್ಕಪ್ಪ: ಹಾಗಾದರೆ ವಾಟ ಸರಿ ಇದೆ. ಬಾಗಿಲು ಜೋತಿದೆ.

ನಾನು: ಹೌದು. ಅದಕ್ಕೇ ಆ ಮೂಲೆಯಲ್ಲಿ ನಾಲಿಗೆ ನೆಲಕ್ಕೆ ಉಜ್ಜಿ ಹೊರಗೆ ಮಡಚಿದೆ. ಈಗ ಸುಮ್ನೆ ಹೊಸ ಸೀಲ್ ಹಾಕಿದರೆ ಅದೂ ಅಲ್ಲೇ ಮಡಚುತ್ತದೆ. ಮೊದಲು ಹಿಂಜ್ ಸರಿಯಾಗಬೇಕು. ಇದನ್ನು ನೀನು ಒಬ್ಬನೇ ಮಾಡಬೇಡ. ಸ್ಕ್ರೂ ಸಡಿಲಿಸಿದಾಗ ಗಾಜಿನ ಭಾರ ಪೂರ್ತಿ ಕೈಗೆ ಬರುತ್ತದೆ. ಗ್ಲಾಸ್ ಕೆಲಸದವರನ್ನು ಕರೆಸು.

ಸಂದು ಸಮ ಆದ ಮೇಲೆ ಮತ್ತೆ ಅಳೆದು ಸೀಲ್ ತರೋಣ. ನಾಲಿಗೆ ಸಂದಿಗಿಂತ ಒಂದೆರಡು ಮಿಲಿಮೀಟರ್ ಉದ್ದ ಇದ್ದರೆ ಸಾಕು, ಜಾಸ್ತಿ ಆದರೆ ಉಜ್ಜುತ್ತದೆ. ಹಳೆಯದನ್ನು ಹ್ಯಾಂಡಲ್ ಕಡೆಯಿಂದ ಕೈಯಲ್ಲೇ ಎಳೆಯಬೇಕು. ಬರದಿದ್ದರೆ ಹೇರ್ ಡ್ರೈಯರ್‌ನಿಂದ ಬಿಸಿ ಮಾಡಿದರೆ ಮೆತ್ತಗಾಗುತ್ತದೆ. ಚಾಕು, ಸ್ಕ್ರೂಡ್ರೈವರ್ ಬೇಡ. ಗಾಜಿನ ಮೇಲಿನ ಉಪ್ಪಿಗೆ ನೀರು ಬೆರೆಸಿದ ವಿನೆಗರ್ ಸಾಕು. ಬಾತ್‌ರೂಮ್ ಆಸಿಡ್ ಮುಟ್ಟಿಸಬೇಡಿ, ಹಿಂಜಿನ ಸ್ಟೀಲನ್ನು ತಿನ್ನುತ್ತದೆ. ಹೊಸದನ್ನು ಬಾಗಿಲಿಗಿಂತ 3 ಮಿಲಿಮೀಟರ್ ಕಡಿಮೆ ಕತ್ತರಿಸಿ, ಸೋಪಿನ ನೀರು ಸವರಿ, ಹ್ಯಾಂಡಲ್ ಕಡೆಯಿಂದ ಜಾರಿಸಿದರೆ ಕೂರುತ್ತದೆ. ಅಂಟು ಬೇಕಾಗಿಲ್ಲ.

ಅಣ್ಣ: ಪಕ್ಕದ ಅಲುಗಾಡದ ಗಾಜಿನ ಬುಡಕ್ಕಾದರೂ ಸಿಲಿಕೋನ್ ಹಾಕಬಹುದಾ? ಅಲ್ಲಿ ಹಳೆಯದು ಎದ್ದಿದೆ.

ನಾನು: ಅಲ್ಲಿಗೆ ಅದೇ ಸರಿ. ಹಳೆಯದನ್ನು ಪೂರ್ತಿ ತೆಗೆದು, ಒಣಗಿಸಿ, ಹೊರಗಡೆಯಿಂದ ಹಾಕಲಿ. ಒಂದು ದಿನ ನೀರು ತಾಗಬಾರದು.

ಅಣ್ಣ: ಸರಿ. ಪ್ಲಂಬರ್‌ಗೆ ಬೇಡ ಎಂದೆ. ಗ್ಲಾಸ್ ಕೆಲಸದವರು ಸೋಮವಾರ ಬರುತ್ತಾರೆ. ಗೋಡೆಯ ಹಿಡಿಯನ್ನು ನಾಳೆಯೇ ಹಾಕಿಸುತ್ತೇನೆ.

ಅಮ್ಮ: ಹಿಡಿ ಎಡಗೈಗೆ ಸಿಗುವ ಹಾಗೆ ಹಾಕಿಸಪ್ಪ. ಬಲ ಭುಜ ಎತ್ತಲಿಕ್ಕೆ ಆಗುವುದಿಲ್ಲ.