ಡಿ.ಎಸ್.ಜೆ. ಓದಿದವರು ಈ ಕಡೆ ಯಾರಾದ್ರೂ ಇದ್ದೀರಾ? ಅಪ್ಪನ ಜೆರಾಕ್ಸ್ ರೋಮ್ ದಾಟಿ ಮುಂದಕ್ಕೆ ಹೋಗಿಲ್ಲ

ಕೌಲ್‌ಬಜಾರ್ ಶೆಡ್, ಬಳ್ಳಾರಿ:

ಕೌಲ್ ಬಜಾರಿನಲ್ಲಿ ನಮ್ಮಪ್ಪನದು ಡೀಸೆಲ್ ಪಂಪ್ ರಿಪೇರಿ ಶೆಡ್ ಇತ್ತು. ಅಪ್ಪನಿಗೆ ಇಂಗ್ಲಿಷ್ ಅಂದ್ರೆ ಪಾರ್ಟ್ ನಂಬರ್ ಓದುವಷ್ಟೇ. ಆದರೂ ಟೂಲ್ ಪೆಟ್ಟಿಗೆಯ ಮೇಲಿನ ಖಾನೆಯಲ್ಲಿ, ನಾಝಲ್ ಪ್ಯಾಕೆಟ್ಟುಗಳ ಕೆಳಗೆ, ಡಿ.ಎಸ್.ಜೆ. ಅನ್ನೋರು ಕಾರು ರೇಸ್ ಬಗ್ಗೆ ಬರೆದ ಒಂದು ಇಂಗ್ಲಿಷ್ ಲೇಖನದ ಜೆರಾಕ್ಸ್ ಇರೋದು. ಮದ್ರಾಸಿನ ಹತ್ತಿರ ಶೋಲಾವರಂನ ಹಳೇ ವಿಮಾನ ಪಟ್ಟಿ ಮೇಲೆ ಕಾರು ರೇಸ್ ನಡೀತಿದ್ದ ಕಾಲದಲ್ಲಿ ಯಾರದೋ ಲಾರಿ ಹತ್ತಿ ನೋಡಕ್ಕೆ ಹೋಗಿದ್ರಂತೆ. ಅಲ್ಲಿ ಒಬ್ಬ ಮೆಕ್ಯಾನಿಕ್ ಕೊಟ್ಟಿದ್ದು.

ನಾನು ಏಳನೇ ಕ್ಲಾಸಿಗೆ ಬಂದ ಮೇಲೆ ಭಾನುವಾರದ ಕೆಲಸ ಅದೇ ಆಯ್ತು. ಅಪ್ಪ ತಟ್ಟೆಯಲ್ಲಿ ಡೀಸೆಲ್ ಹಾಕ್ಕೊಂಡು ಪ್ಲಂಜರ್ ತೊಳೀತಾ ಕೂರೋರು, ನಾನು ಬೋರಲು ಹಾಕಿದ ಬಕೆಟ್ ಮೇಲೆ. "ಓದು. ಅರ್ಥ ಹೇಳು." ಅರ್ಥ ಗೊತ್ತಿಲ್ಲದ ಕಡೆ ನಾನು ಬಾಯಿಗೆ ಬಂದಿದ್ದು ಹೇಳಿದ್ರೆ ಹೆಂಗೋ ಕಂಡುಹಿಡಿದುಬಿಡೋರು.

ಲೇಖನ ಬಂದಿದ್ದು ಇಂಗ್ಲೆಂಡಿನ 'ಮೋಟಾರ್ ಸ್ಪೋರ್ಟ್' ಪತ್ರಿಕೆಯ 1955ರ ಜೂನ್ ಸಂಚಿಕೆಯಲ್ಲಿ. ಬರೆದವರು ಡೆನಿಸ್ ಜೆಂಕಿನ್ಸನ್. ಪತ್ರಿಕೆಯಲ್ಲಿ ಬರೀ ಡಿ.ಎಸ್.ಜೆ. ಅಂತ ಮೂರು ಅಕ್ಷರ ಹಾಕ್ಕೋತಿದ್ರು. ವಿಷಯ: ಇಟಲಿಯ ಮಿಲ್ಲೆ ಮಿಲಿಯಾ ಕಾರು ರೇಸ್. ಬ್ರೆಷಿಯಾದಿಂದ ರೋಮ್, ರೋಮ್‌ನಿಂದ ವಾಪಸ್ ಬ್ರೆಷಿಯಾ, ಹತ್ತಿರ ಹತ್ತಿರ 1,600 ಕಿ.ಮೀ. ಬಳ್ಳಾರಿಯಿಂದ ಬೆಂಗಳೂರಿಗೆ ಎರಡೂವರೆ ಸಲ ಹೋಗಿಬಂದಷ್ಟು, ಅದೂ ಊರೊಳಗಿನ ಮಾಮೂಲಿ ರಸ್ತೆಯಲ್ಲೇ. 1955ರ ಮೇ 1ರ ಬೆಳಿಗ್ಗೆ 7.22ಕ್ಕೆ ಬಿಟ್ಟ ಮರ್ಸಿಡಿಸ್ 300 ಎಸ್‌ಎಲ್‌ಆರ್, ಅದಕ್ಕೇ ಗಾಡಿ ನಂಬರ್ 722. ಸ್ಟೇರಿಂಗ್ ಹಿಡಿದವರು ಸ್ಟರ್ಲಿಂಗ್ ಮಾಸ್. ವರದಿಗಾರ ಗ್ಯಾಲರಿಯಲ್ಲಿ ಇರಲಿಲ್ಲ, ಪಕ್ಕದ ಸೀಟಿನಲ್ಲೇ ಇದ್ದ!

ಅಪ್ಪನಿಗೆ ಮೊದಲು ಹಿಡಿಸಿದ್ದು ಆ ಇಂಜಿನ್. ಎಂಟು ಸಿಲಿಂಡರ್ ಪೆಟ್ರೋಲ್ ಗಾಡಿ, ಆದ್ರೆ ಕಾರ್ಬುರೇಟರ್ ಇಲ್ಲ, ನಮ್ಮ ಲಾರಿಗಳ ಥರ ಪಂಪಿನಿಂದ ನೇರ ಸಿಲಿಂಡರಿಗೇ ಎಣ್ಣೆ. ಆಮೇಲೆ ಹಿಡಿಸಿದ್ದು ಚೀಟಿ. ಮುಂಚೆಯೇ ಹಲವು ಸಲ ಆ ರಸ್ತೆಯಲ್ಲಿ ಓಡಾಡಿ, ಪ್ರತಿ ತಿರುವು, ಪ್ರತಿ ಉಬ್ಬು ಬರೆದು, ಐದು ಮೀಟರಿಗೂ ಉದ್ದದ ಕಾಗದದ ಸುರುಳಿ ಮಾಡಿ, ಕಿಂಡಿ ಇರೋ ಅಲ್ಯೂಮಿನಿಯಂ ಡಬ್ಬಿಯೊಳಗೆ ಇಟ್ಟು ತಿರುಗಿಸ್ತಾ ಓದೋದು. ಓದಿದ್ದನ್ನ ಮಾಸ್‌ಗೆ ಹೇಳಕ್ಕೆ ಮೊದಲು ಮೈಕು ಹಾಕಿ ನೋಡಿದ್ರಂತೆ. ತಿರುವಿನಲ್ಲಿ ಗಮನವೆಲ್ಲ ರಸ್ತೆ ಮೇಲೆ ಇರೋವಾಗ ಮಾತು ಮಾಸ್‌ ತಲೆಗೇ ಹೋಗ್ತಿರಲಿಲ್ಲ. ಕೊನೆಗೆ ಕೈಸನ್ನೆ. "ಪಂಪ್ ಟೈಮಿಂಗ್ ಇಡೋವಾಗ ನಿಮ್ಮವ್ವ ಕರೆದ್ರ ನನಗೂ ಹಂಗ" ಅಂದಿದ್ರು ಅಪ್ಪ. ಅವ್ವ ಅದನ್ನ ನಂಬಲಿಲ್ಲ.

ಒಂದು ಕಡೆ, ತುಂಬಿದ ಟ್ಯಾಂಕಿನಿಂದ ಪೆಟ್ರೋಲ್ ಉಕ್ಕಿ ಜೆಂಕಿನ್ಸನ್ ಕತ್ತಿನ ಮೇಲೆ ಸುರೀತದೆ. ಆ ಗಾಬರಿಯಲ್ಲಿ ಒಂದು ತಿರುವಿನ ಸನ್ನೆ ಕೊಡೋದು ತಪ್ಪಿಹೋಗ್ತದೆ. ಅದನ್ನ ತಾವೇ ಬರೆದಿದ್ದಾರೆ. ಅಷ್ಟು ಭಾಗ ಅಪ್ಪ ನನ್ನಿಂದ ಎಷ್ಟು ಸಲ ಓದಿಸಿದ್ರೋ. "ಮಾಸ್‌ಗೆ ಬಿಟ್ರ ಯಾರಿಗೂ ಗೊತ್ತಿರಲಿಲ್ಲ. ಇವ ಬರದಾನ. ಹಂಗಾರ ಉಳಿದಿದ್ದೂ ಖರೆ ಇರ್ಬೇಕು." ಹಾಗಂತ ಪೂರ್ತಿ ನಂಬಿದ್ರು ಅಂತಲ್ಲ. ಗಂಟೆಗೆ 170 ಮೈಲಿ ವೇಗದಲ್ಲಿ ರಸ್ತೆ ಉಬ್ಬು ಹತ್ತಿ ಗಾಡಿ ನೆಲ ಬಿಟ್ಟು ಹಾರ್ತದಲ್ಲ, ಅದರ ಪಕ್ಕ ಪೆನ್ಸಿಲಿನಲ್ಲಿ 'ಸುಳ್ಳು?' ಅಂತ ಬರೆದಿಟ್ಟಿದ್ದಾರೆ.

ಜೆರಾಕ್ಸ್ ರೋಮ್‌ನಲ್ಲಿ ನಿಲ್ತದೆ. ಇವರೇ ಮುಂದಿದ್ದಾರೆ ಅಂತ ಅಲ್ಲಿ ತಿಳೀತದೆ, ಅಷ್ಟೇ, ಮುಂದಿನ ಹಾಳೆ ಮೊದಲಿಂದಲೇ ಇಲ್ಲ. ಗೆದ್ದಿದ್ದು ಅಪ್ಪನಿಗೂ ಗೊತ್ತಿತ್ತು. ಹೆಂಗ ಗೆದ್ರು ಅನ್ನೋದನ್ನ ಜೆಂಕಿನ್ಸನ್ ಬಾಯಿಂದಲೇ ಕೇಳಬೇಕಿತ್ತು ಅವರಿಗೆ. ಅಪ್ಪ ಹೋಗಿ ಮೂರು ವರ್ಷ ಆಯ್ತು. ನೆಟ್‌ನಲ್ಲಿ ಹುಡುಕಿದ್ರೆ ಸಿಗ್ತದೆ ಅಂತ ಗೊತ್ತು, ಯಾಕೋ ಒಬ್ಬನೇ ಕೂತು ಓದಕ್ಕೆ ಮನಸ್ಸು ಬರಲಿಲ್ಲ. ಓದಿದವರಿದ್ರೆ ರೋಮ್‌ನಿಂದ ಮುಂದಕ್ಕೆ ಕನ್ನಡದಲ್ಲಿ ಹೇಳ್ರಿ. ಆ ಮನುಷ್ಯನ ಬಗ್ಗೆಯೂ.

ಎಡದಂಡೆ ಕಾಲುವೆ, ಸಿಂಧನೂರು:

ಓದಿದ್ದೇನೆ, ಒಂದಲ್ಲ ಹತ್ತು ಸಲ. ಹೇಳ್ತೇನೆ ಕೇಳಿ.

ರೋಮ್‌ನಲ್ಲಿ ಮುಂದಿದ್ದವನು ಬ್ರೆಷಿಯಾದಲ್ಲಿ ಗೆಲ್ಲೋದಿಲ್ಲ ಅಂತ ಆ ರೇಸಿನಲ್ಲಿ ಒಂದು ನಂಬಿಕೆ. ಅದು ನಿಜವಾಗೋದರಲ್ಲಿತ್ತು. ರಾಡಿಕೋಫಾನಿ ಘಾಟಿನಲ್ಲಿ ಮುಂದಿನ ಬ್ರೇಕ್ ಕಚ್ಚಿಕೊಂಡು ಗಾಡಿ ಗಿರ್ರನೆ ತಿರುಗಿ ಹಿಂಭಾಗ ಚರಂಡಿಗೆ ಇಳೀತು. ಮಾಸ್ ಹಿಂದೆ ಮುಂದೆ ಮಾಡಿ ಎಬ್ಬಿಸಿ ಹೊರಟೇಬಿಟ್ಟರು. ಅಲ್ಲಿಂದ ಸಿಯೆನಾ, ಫ್ಲಾರೆನ್ಸ್, ಆಮೇಲೆ ಫೂಟಾ ಮತ್ತು ರಾಟಿಕೋಸಾ ಘಾಟುಗಳು, ಬೊಲೊನ್ಯಾ. ಇವರ ಜೊತೆಯ ಮರ್ಸಿಡಿಸ್‌ಗಳಲ್ಲಿ ಕ್ಲಿಂಗ್ ರಸ್ತೆ ಬಿಟ್ಟಿದ್ದರು, ಹೆರ್‌ಮನ್ ಗಾಡಿ ಫೂಟಾದಲ್ಲಿ ನಿಂತಿತು. ಫೆರಾರಿಯ ತರುಫಿಯೂ ಹೊರಗೆ. ಕೊನೆಯ ಬಯಲು ರಸ್ತೆ ಕ್ರೆಮೋನಾದಿಂದ ಮಂಟುವಾ ಮೇಲೆ ಹಾಯ್ದು ಬ್ರೆಷಿಯಾಕ್ಕೆ. ಮಂಟುವಾ ಹಳೇ ರೇಸ್ ಡ್ರೈವರ್ ನುವೊಲಾರಿಯ ಊರು, ಅವರು 1953ರಲ್ಲಿ ತೀರಿಕೊಂಡ ಮೇಲೆ ಅವರ ನೆನಪಿಗೆ ಈ ಕೊನೆಯ ಪಟ್ಟಿಯ ವೇಗಕ್ಕೇ ಬೇರೆ ಬಹುಮಾನ ಇಟ್ಟಿದ್ದರು. ಅದೂ ಇವರಿಗೇ. ಒಟ್ಟು 10 ಗಂಟೆ 7 ನಿಮಿಷ 48 ಸೆಕೆಂಡು, ಅಂದರೆ ಸಂಜೆ ಐದೂವರೆ ಹೊಡೆಯೋಕೆ ಮುಂಚೆ. ಸರಾಸರಿ ಗಂಟೆಗೆ 157 ಕಿ.ಮೀ.ಗೂ ಮೇಲೆ. ಆ ದಾಖಲೆ ಮುರಿಯೋರು ಬರಲೇ ಇಲ್ಲ.

ಇನ್ನು ನಿಮ್ಮಪ್ಪನವರಿಗೆ ಅಂತಲೇ ಒಂದು ಮಾತು. ಎರಡನೇ ಸ್ಥಾನ ಆಗಿನ ವಿಶ್ವ ಚಾಂಪಿಯನ್ ಡ್ರೈವರ್ ಫಾಂಜಿಯೊಗೆ, ಒಬ್ಬರೇ ಓಡಿಸಿದ್ದು, ಅದೇ 300 ಎಸ್‌ಎಲ್‌ಆರ್, ಅರ್ಧ ಗಂಟೆಗೂ ಹಿಂದೆ. ಯಾಕೆ ಗೊತ್ತೇ? ಇಂಜೆಕ್ಷನ್ ಪೈಪ್ ಒಡೆದು ಏಳೇ ಸಿಲಿಂಡರ್ ಮೇಲೆ ಬರಬೇಕಾಯಿತು.

ಮನುಷ್ಯನ ಬಗ್ಗೆ: ಹುಟ್ಟಿದ್ದು 1920, ತೀರಿದ್ದು 1996. ಕುಳ್ಳ, ಕೆಂಚು ಗಡ್ಡ, ದಪ್ಪ ಕನ್ನಡಕ. ದಾರಿಯಲ್ಲಿ ವಾಂತಿಗೆಂದು ಪಕ್ಕಕ್ಕೆ ಬಗ್ಗಿದಾಗ ಗಾಳಿ ಕನ್ನಡಕವನ್ನೇ ಕಿತ್ತುಕೊಂಡು ಹೋಯಿತು. ಜೇಬಿನಲ್ಲಿ ಇನ್ನೊಂದು ಇಟ್ಟುಕೊಂಡಿದ್ದರು ಅನ್ನೋದು ನೋಡಿ, ಅಲ್ಲಿದೆ ಆ ಮನುಷ್ಯ. ಮಾಸ್‌ಗಿಂತ ಮುಂಚೆಯೇ ಅವರು ಪಕ್ಕದ ಸೀಟಿನಲ್ಲಿ ಜಗತ್ತು ಗೆದ್ದವರು: 1949ರ ಸೈಡ್‌ಕಾರ್ ವಿಶ್ವ ಚಾಂಪಿಯನ್ ಎರಿಕ್ ಆಲಿವರ್ ಅವರ ಸೈಡ್‌ಕಾರಿನಲ್ಲಿ ಕೂತು, ತಿರುವಿಗೊಮ್ಮೆ ಮೈ ಹೊರಗೆ ಚಾಚುತ್ತಿದ್ದವರು ಇವರೇ. ಯುರೋಪೆಲ್ಲ ತಾವೇ ಗಾಡಿ ಓಡಿಸಿಕೊಂಡು ಅಲೆದು ವರದಿ ಬರೆದರು, ದಶಕಗಟ್ಟಲೆ. ಬೇರೆಯವರು 'ಮಿಂಚಿನ ವೇಗ' ಅಂತ ಬರೆಯೋ ಕಡೆ ಇವರು ಯಾವ ಗೇರು, ಎಷ್ಟು ಆರ್‌ಪಿಎಂ ಅಂತ ಬರೀತಿದ್ದರು.

ಹಾರಿದ್ದು ಸುಳ್ಳಲ್ಲ ಅಂತ ನನ್ನ ಅಭಿಪ್ರಾಯ. ಪೆನ್ಸಿಲ್ ಗುರುತು ಮಾತ್ರ ಅಳಿಸಬೇಡಿ.

ಹತ್ತು ಗಾಲಿ, ಸಂಡೂರು:

ಇಂಗ್ಲಿಷ್ ನಂಗ ಬರಂಗಿಲ್ಲ. ಆದ್ರ ಪಕ್ಕದ ಸೀಟಿನ ಸುದ್ದಿ ಬಂತಲ್ಲ, ಅದಕ್ಕ ಬರಿಯಾಕತ್ತೀನಿ.

ಅದಿರು ಜೋರ ಇದ್ದಾಗ ನಾ ಕ್ಲೀನರ್ ಇದ್ದೆ. ಸಂಡೂರಾಗ ಲೋಡ್ ಮಾಡಿದ್ರ ಹೊಸಪೇಟೆ, ಕೊಪ್ಪಳ, ಹುಬ್ಬಳ್ಳಿ, ಯಲ್ಲಾಪುರ ದಾಟಿ ಬೇಲೇಕೇರಿ ಬಂದರ. ನಮ್ ಡ್ರೈವರಂದೂ ಹಂಗ, ಬಾಯಿಲೆ ಹೇಳಿದ್ರ ಕೇಳಸ್ತಿರಲಿಲ್ಲ. ಇಂಜಿನ್ ಸಪ್ಪಳ, ಮ್ಯಾಲ ಟೇಪ್ ರಿಕಾರ್ಡ್. ಬಾಗಲ ಬಡದ ಹೇಳ್ಬೇಕು. ಒಂದ್ ಬಡದ್ರ ಹೋಗು, ಎರಡ್ ಬಡದ್ರ ನಿಲ್ಲು. ಅರಬೈಲ್ ಘಾಟಿನ್ಯಾಗ ರಾತ್ರಿ ಮಳ್ಯಾಗ ಎಡಗಡೆ ಎಷ್ಟು ಜಾಗ ಐತಿ ಅಂತ ನಾ ತಲಿ ಹೊರಗ ಹಾಕಿ ನೋಡಿ ಕೈ ಮಾಡ್ತಿದ್ದೆ. ನಂಗೂ ವಾಂತಿ ಆಗೇತಿ. ಕನ್ನಡಕ ಇರಲಿಲ್ಲ, ಟವೆಲ್ ಹಾರಿಹೋತು.

ಯಾವ ತಿರುವಿನ್ಯಾಗ ಹಳ್ಳ ಬಿದ್ದೈತಿ, ಎಲ್ಲಿ ಚಾ ಅಂಗಡಿ ಮುಂದ ಲಾರಿ ಅಡ್ಡ ನಿಂತಿರ್ತಾವ, ಎಲ್ಲಾ ತಲ್ಯಾಗ ಇತ್ತು. ಬರದಿದ್ರ ನಂದೂ ಐದ್ ಮೀಟರ್ ಆಗ್ತಿತ್ತೇನೋ. ಗಾಡಿ ಓಡಸಾವ ರಸ್ತೆ ನೋಡ್ತಾನ. ಡ್ರೈವರನ ನೋಡಾಂವ ಕ್ಲೀನರ್ ಒಬ್ಬನ. ಯಾವಾಗ ಹೆದರತಾನ, ಯಾವಾಗ ನಿದ್ದಿ ಬಂದೈತಿ, ನಮಗ ಗೊತ್ತು.

2011ರಾಗ ಸುಪ್ರೀಂ ಕೋರ್ಟ್ ಬಳ್ಳಾರಿ ಗಣಿ ನಿಲ್ಲಿಸಿದ ಮ್ಯಾಲ ನಂದು ಬಿಟ್ಟಹೋತು. ಈಗ ಪಂಚರ್ ಅಂಗಡಿ.

ಗಿಣಿಗೇರಾ ಗೇಟ್, ಕೊಪ್ಪಳ:

ಎಲ್ಲರೂ ಕೈ ಮುಗಿಯೋ ಹೊತ್ತಿನಲ್ಲಿ ಅಪಸ್ವರ ಅಂತ ಬೈಬೇಡಿ.

ಆ ರೇಸ್ ಮುಗಿದು ಆರು ವಾರಕ್ಕೆ, 1955ರ ಜೂನ್ 11ಕ್ಕೆ, ಅದೇ 300 ಎಸ್‌ಎಲ್‌ಆರ್ ಮಾದರಿಯ ಇನ್ನೊಂದು ಗಾಡಿ ಫ್ರಾನ್ಸಿನ ಲೆ ಮಾನ್ಸ್ ರೇಸಿನಲ್ಲಿ ಜನರ ಮಧ್ಯೆ ಬಿದ್ದು 80ಕ್ಕೂ ಹೆಚ್ಚು ಜನ ಸತ್ತರು. ಮಿಲ್ಲೆ ಮಿಲಿಯಾ ನಿಂತದ್ದು 1957ರಲ್ಲಿ, ದೆ ಪೋರ್ಟಾಗೊ ಅವರ ಫೆರಾರಿ ಗ್ವಿಡಿಝೋಲೊದಲ್ಲಿ ರಸ್ತೆ ಬದಿ ನಿಂತವರ ಮೇಲೆ ಹೋದ ಮೇಲೆ. ಸತ್ತ ಒಂಬತ್ತು ಪ್ರೇಕ್ಷಕರಲ್ಲಿ ಐದು ಮಕ್ಕಳು. ಇಷ್ಟೆಲ್ಲ ಕಣ್ಣಾರೆ ಕಂಡ ಕಾಲದ ವರದಿಗಾರ, ಮುಂದೆ ರೇಸ್ ಡ್ರೈವರ್ ಜಾಕಿ ಸ್ಟೀವರ್ಟ್ ಟ್ರ್ಯಾಕಿಗೆ ತಡೆಗೋಡೆ ಹಾಕಿ, ಡಾಕ್ಟರ್ ಇಡಿ ಅಂತ ಹೋರಾಡಿದಾಗ ಅದನ್ನ ಗೇಲಿ ಮಾಡಿ ಬರೆದರು. ಗೇರು, ಆರ್‌ಪಿಎಂ ಎಲ್ಲ ಸರಿ ಲೆಕ್ಕ ಇಟ್ಟವರಿಗೆ ಈ ಲೆಕ್ಕ ಯಾಕೆ ಕಾಣಲಿಲ್ಲ?

ಮತ್ತೆ, ದೆ ಪೋರ್ಟಾಗೊ ಪಕ್ಕದಲ್ಲೂ ಒಬ್ಬ ಕೂತಿದ್ದ, ಎಡ್ಮಂಡ್ ನೆಲ್ಸನ್ ಅಂತ. ಅವನೂ ಅಲ್ಲೇ ಹೋದ. ಅವನ ಲೇಖನ ಯಾವ ಟೂಲ್ ಪೆಟ್ಟಿಗೆಯಲ್ಲೂ ಇಲ್ಲ. ನಮ್ಮ ರಸ್ತೆಯಲ್ಲಿ ಅದಿರು ಲಾರಿಗಳ ಕಾಲ ಕಂಡವನು ನಾನು, ವೇಗದ ಕತೆ ಕೇಳಿದ್ರೆ ನನಗೆ ಮೊದಲು ನೆನಪಾಗೋದು ರಸ್ತೆ ಬದಿ ನಿಂತವರು.

ಕೌಲ್‌ಬಜಾರ್ ಶೆಡ್, ಬಳ್ಳಾರಿ:

ಗಿಣಿಗೇರಾದವರೇ, ಬೈಯೋದಿಲ್ಲ. ಸ್ಟೀವರ್ಟ್ ವಿಷಯ ನನಗೆ ಗೊತ್ತಿರಲಿಲ್ಲ, ಓದಿ ಬೇಜಾರಾಯ್ತು. ಅಪ್ಪ ಇದ್ದಿದ್ರೆ ಜೆಂಕಿನ್ಸನ್ ಪರ ವಾದ ಮಾಡ್ತಿದ್ರು ಅಂತಲೂ ಅನ್ನಿಸಲ್ಲ. ಬ್ರೇಕ್ ಸರಿಯಿಲ್ಲದ ಗಾಡಿ ಬಂದ್ರೆ ಪಂಪ್ ಕೆಲಸ ಆಮೇಲೆ, ಮೊದಲು ಬ್ರೇಕ್ ಮಾಡಿಸ್ಕೊಂಡು ಬಾ ಅಂತ ವಾಪಸ್ ಕಳಿಸ್ತಿದ್ದ ಮನುಷ್ಯ.

ಸಿಂಧನೂರಿನವರೇ, ನಿಮ್ಮ ಉತ್ತರವನ್ನ ನಿನ್ನೆ ರಾತ್ರಿ ಅವ್ವನಿಗೆ ಗಟ್ಟಿಯಾಗಿ ಓದಿದೆ. ಇಂಜೆಕ್ಷನ್ ಪೈಪ್ ಹತ್ತಿರ ಬಂದಾಗ ನನಗೆ ಮುಂದಕ್ಕೆ ಓದಕ್ಕೆ ಆಗಲಿಲ್ಲ. ಫಾಂಜಿಯೊನಂಥ ಫಾಂಜಿಯೊ ಹಿಂದೆ ಬಿದ್ದಿದ್ದು ಬೆರಳು ಗಾತ್ರದ ಪೈಪಿಗೆ! ಅಪ್ಪ ದಿನಾ ಮಾಡ್ತಿದ್ದ ಕೆಲಸ ಅದೇ. ಪೈಪಿನ ಬಾಯಿ ಸೀಳಿದ್ರೆ ಬೆಸುಗೆ ಹಾಕಬೇಡ, ಹೊಸದು ಹಾಕು ಅಂತ ಗಿರಾಕಿಗಳ ಜೊತೆ ಜಗಳ ಮಾಡೋರು. ಈ ಒಂದು ಸಾಲು ಸಿಕ್ಕಿದ್ದಿದ್ರೆ ಅದನ್ನೇ ದೊಡ್ಡದಾಗಿ ಬರೆಸಿ ಶೆಡ್ ಬಾಗಿಲಿಗೆ ಹಾಕಿಸ್ತಿದ್ರು. ಅವ್ವ ಅಂದಿದ್ದು ಇಷ್ಟೇ: "ಆತಲ್ಲ, ಇನ್ನ ಆ ಹಾಳಿ ಪೂರಾ ತರಿಸಿಡು." ನಾಳೆ ರಾಯಲ್ ಸರ್ಕಲ್ ಕಡೆ ಹೋಗಿ ಉಳಿದಿದ್ದನ್ನ ಪ್ರಿಂಟ್ ತೆಗೆಸ್ತೀನಿ.

ಸಂಡೂರಿನವರೇ, ಒಂದು ಬಡಿದ್ರೆ ಹೋಗು, ಎರಡು ಬಡಿದ್ರೆ ನಿಲ್ಲು, ಸರಿ. ಜೆಂಕಿನ್ಸನ್ ಹತ್ರ ಹತ್ತಾರು ಸನ್ನೆ ಇದ್ವಂತೆ. ನಿಮ್ಮದು ಎರಡೇನಾ?

ಹತ್ತು ಗಾಲಿ, ಸಂಡೂರು:

ಮೂರ್ ಬಡದ್ರ ಚಾ.